ಪುಡಿ ತಿನ್ನಿಸಿದರೆ ಹಸು ಗಬ್ಬ ನಿಲ್ಲುತ್ತಾ? ಹಿಸ್ಟೋನ್ ಬಗ್ಗೆ ಪಶುವೈದ್ಯರಿಗೆ ಕೇಳಿದ್ದು

ಪ್ರಶ್ನೆ (ಚನ್ನರಾಯಪಟ್ಟಣದ ಹತ್ತಿರದಿಂದ):
ಡಾಕ್ಟ್ರೇ, ನಮ್ಮ ಎಚ್‌ಎಫ್ ಹಸುವಿಗೆ ನಾಲ್ಕು ಸಲ ಸೆಮೆನ್ ಹಾಕಿಸಿದ್ದೇನೆ. 21 ದಿನಕ್ಕೆ ಸರಿಯಾಗಿ ಮತ್ತೆ ಬೆದೆಗೆ ಬರುತ್ತೆ. ಮೊನ್ನೆ ಪುಡಿ ಮಾರುವವರೊಬ್ಬರು ಬಂದಿದ್ದರು. ಇದರಲ್ಲಿ ಮೆಥಿಯೋನಿನ್ ಇದೆ, ಹಿಸ್ಟೋನ್ ಮೀಥೈಲೇಷನ್ ಸರಿಮಾಡುತ್ತೆ, ಗಬ್ಬ ನಿಲ್ಲುತ್ತೆ ಅಂದರು. 1,400 ರೂಪಾಯಿ ಕೊಟ್ಟು ಒಂದು ಡಬ್ಬ ತಗೊಂಡೆ. ಇನ್ನೂ ಒಡೆದಿಲ್ಲ. ಏನಿದು?

ಉತ್ತರ:
ಒಡೆಯದೆ ಇದ್ದಿದ್ದು ಒಳ್ಳೆಯದಾಯ್ತು ಅಣ್ಣ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದೇ ಕಷ್ಟ.

ಹಸುವಿನ ಕೆಚ್ಚಲಲ್ಲೂ ಗೊರಸಲ್ಲೂ ಇರುವುದು ಒಂದೇ ಡಿಎನ್‌ಎ. ಹಾಗಿದ್ದರೂ ಗೊರಸು ಹಾಲು ಕೊಡಲ್ಲ. ಯಾಕೆ? ಡಿಎನ್‌ಎ ದಾರ ಹಿಸ್ಟೋನ್ ಅನ್ನುವ ಪ್ರೋಟೀನಿನ ಉಂಡೆಗಳ ಮೇಲೆ ಸುತ್ತಿಕೊಂಡಿರುತ್ತೆ. ಆ ಉಂಡೆಗಳಿಂದ ಸಣ್ಣ ಬಾಲ ಹೊರಗೆ ಚಾಚಿರುತ್ತೆ. ಬಾಲದ ಮೇಲೆ ಮೀಥೈಲ್ ಅನ್ನುವ ಚಿಕ್ಕ ಗುರುತು ಬೀಳುತ್ತೆ. ಹಿಸ್ಟೋನ್ ಮೀಥೈಲೇಷನ್ ಅಂದರೆ ಇದೇ. ಅಟ್ಟದ ಮೇಲೆ ಆಲೂಗಡ್ಡೆ ಮೂಟೆ ಜೋಡಿಸಿ, ಒಂದಕ್ಕೆ 'ಬಿತ್ತನೆಗೆ', ಇನ್ನೊಂದಕ್ಕೆ 'ಮುಟ್ಟಬೇಡ' ಅಂತ ಸುಣ್ಣದಲ್ಲಿ ಬರೆಯುತ್ತೀರಲ್ಲ, ಹಾಗೆ. ಎಚ್3 ಅನ್ನುವ ಹಿಸ್ಟೋನಿನ ಬಾಲದಲ್ಲಿ 4ನೇ ಜಾಗಕ್ಕೆ ಗುರುತು ಬಿದ್ದರೆ ಸಾಮಾನ್ಯವಾಗಿ ಆ ಜೀನು ಕೆಲಸಕ್ಕೆ ಸಿದ್ಧ. 9ನೇ ಅಥವಾ 27ನೇ ಜಾಗಕ್ಕೆ ಬಿದ್ದರೆ ಮುಟ್ಟುವ ಹಾಗಿಲ್ಲ. ಮೀಥೈಲ್ ಅದೇ. ಬಿದ್ದ ಜಾಗ ಬೇರೆ, ಅಷ್ಟೇ.

ಭ್ರೂಣದಲ್ಲಿ ಮೊದಲ ಕೆಲವು ದಿನ ಈ ಗುರುತು ಅಳಿಸುವುದು, ಹೊಸದಾಗಿ ಬರೆಯುವುದು ಭರದಿಂದ ನಡೆಯುತ್ತೆ. ಹಸುವಿನ ಭ್ರೂಣ 8ರಿಂದ 16 ಕೋಶ ಆಗುವ ತನಕ ಬಹುಪಾಲು ತಾಯಿಯ ಮೊಟ್ಟೆಯಲ್ಲಿದ್ದ ಸಾಮಾನಿನ ಮೇಲೇ ಬದುಕುತ್ತೆ. ಆಮೇಲೆ ತನ್ನ ಜೀನುಗಳನ್ನು ಜೋರಾಗಿ ಓದಲು ಶುರು ಮಾಡುತ್ತೆ. ಆಗ ಗುರುತು ತಪ್ಪಿದ್ದರೆ ಭ್ರೂಣದ ಬೆಳವಣಿಗೆ ಅಲ್ಲೇ ನಿಂತುಹೋಗಬಹುದು.

ಈಗ ಪುಡಿಗೆ ಬರೋಣ. ಮೀಥೈಲ್ ಬರುವುದು ಪ್ರೋಟೀನು ಕಟ್ಟುವ ತುಣುಕುಗಳಲ್ಲಿ ಒಂದಾದ ಮೆಥಿಯೋನಿನ್‌ನಿಂದಲೇ, ನಿಜ. ಆದರೆ ಅದು ಬರೀ ಸುಣ್ಣ. ಯಾವ ಮೂಟೆಗೆ ಏನು ಬರೆಯಬೇಕು ಅನ್ನುವುದು ಕಿಣ್ವಗಳ (ಎಂಜೈಮ್) ಕೈಯಲ್ಲಿದೆ. ಮನೆಗೆ ಸುಣ್ಣ ಜಾಸ್ತಿ ತಂದ ಮಾತ್ರಕ್ಕೆ ಬರಹ ಸರಿಹೋಗಲ್ಲ. ಇನ್ನೊಂದು ಮಾತು ಅವರು ಹೇಳಿರಲ್ಲ. ಸುಮ್ನೆ ಪುಡಿಯಾಗಿ ಕೊಟ್ಟ ಮೆಥಿಯೋನಿನ್ನನ್ನು ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳೇ ಬಹುಪಾಲು ಒಡೆದು ಹಾಕುತ್ತವೆ. ಅದಕ್ಕೇ ಮೇಲೆ ಲೇಪನ ಮಾಡಿದ ಮೆಥಿಯೋನಿನ್ ಬೇರೆ ಬರುತ್ತೆ. ಡಬ್ಬದ ಮೇಲೆ ಹಾಗೆ ಬರೆದಿದೆಯಾ ನೋಡಿ.

ಹಸು ಗಬ್ಬ ನಿಲ್ಲದೆ ಮತ್ತೆ ಬೆದೆಗೆ ಬರುವುದಕ್ಕೆ ಹತ್ತಿರದ ಕಾರಣಗಳೇ ಜಾಸ್ತಿ. ಬೆದೆ ಯಾವಾಗ ಕಂಡಿತು, ಸೆಮೆನ್ ಯಾವಾಗ ಹಾಕಿಸಿದಿರಿ? ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಹಾಕಿಸಬೇಕು. ಲೋಳೆ ಹೇಗಿದೆ, ನೀರಿನ ಹಾಗೆ ತಿಳಿಯಾಗಿದೆಯಾ, ಮಬ್ಬಾಗಿದೆಯಾ? ಖನಿಜ ಮಿಶ್ರಣ ದಿನಾ ಕೊಡುತ್ತಿದ್ದೀರಾ?

ಪ್ರಶ್ನೆ (ಹಾಸನದಲ್ಲಿ ಬಿಎಸ್‌ಸಿ ಓದುತ್ತಿರುವವರು):
ಸಾರ್, ವೀರ್ಯಾಣುವಿನಲ್ಲಿ ಹಿಸ್ಟೋನ್ ಹೋಗಿ ಪ್ರೋಟಮೈನ್ ಬರುತ್ತೆ ಅಂತ ಓದಿದ್ದೇವೆ. ಹಾಗಾದರೆ ಅಪ್ಪನ ಕಡೆಯಿಂದ ಈ ಗುರುತು ಬರೋದೇ ಇಲ್ವಾ?

ಉತ್ತರ:
ಒಳ್ಳೆ ಪ್ರಶ್ನೆ ಕೇಳಿದೆಯಮ್ಮ. ಪ್ರೋಟಮೈನ್ ಅಂದರೆ ವೀರ್ಯಾಣುವಿನ ಡಿಎನ್‌ಎಯನ್ನು ಇನ್ನೂ ಬಿಗಿಯಾಗಿ ಸುತ್ತಿಡುವ ಚಿಕ್ಕ ಪ್ರೋಟೀನು. ಆದರೆ ಹಿಸ್ಟೋನ್ ಎಲ್ಲವೂ ಹೋಗಲ್ಲ. ಇಲಿಯಲ್ಲಿ ಸುಮಾರು ಶೇ 1ರಷ್ಟು ಹಿಸ್ಟೋನ್ ಉಳಿಯುತ್ತೆ, ಮನುಷ್ಯರಲ್ಲಿ ಇನ್ನೂ ಜಾಸ್ತಿ. ಬೆಳವಣಿಗೆಗೆ ಬೇಕಾದ ಹಲವು ಜೀನುಗಳ ಹತ್ತಿರವೇ ಅದು ಉಳಿದಿರುವುದು ಕಂಡುಬಂದಿದೆ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ವೀರ್ಯಾಣು ತಯಾರಾಗುವಾಗ 4ನೇ ಜಾಗದ ಗುರುತು ಅಳಿಸುವ ಕಿಣ್ವವನ್ನು ಗಂಡು ಇಲಿಗಳಲ್ಲಿ ಹೆಚ್ಚಿಸಿದರು. ಮರಿಗಳಲ್ಲಿ ದೋಷ ಕಂಡಿತು, ಹಲವು ಬದುಕಲಿಲ್ಲ. ಆ ಕಿಣ್ವದ ಜೀನು ಬಾರದೆ ಇದ್ದ ಮರಿಗಳಲ್ಲೂ ಹಾಗೇ ಆಯಿತು. ನನಗೆ ತುಂಬಾ ಹಿಡಿಸಿದ್ದು ಇದೇ.

ಪ್ರಶ್ನೆ (ಅಜ್ಜಂಪುರ ಕಡೆಯವರು):
ನಮ್ಮ ಅಮೃತ ಮಹಲ್ ಹೋರಿಯನ್ನು ಕ್ಲೋನ್ ಮಾಡೋಕಾಗಲ್ವಾ ಸಾರ್? ಹರಿಯಾಣದ ಕರ್ನಾಲ್‌ನಲ್ಲಿ ಮಾಡಿದ್ದಾರಂತೆ.

ಉತ್ತರ:
ಹೌದು. ಅಲ್ಲಿ 2009ರಲ್ಲಿ ಎಮ್ಮೆ ಕರು, 2023ರಲ್ಲಿ ಗಂಗಾ ಅನ್ನುವ ಗಿರ್ ಕರು ಹುಟ್ಟಿದವು. ಆದರೆ 2009ರ ಮೊದಲ ಕರು ಕೆಲವೇ ದಿನ ಬದುಕಿತು. ಕ್ಲೋನ್ ಮಾಡಿದ ಡಾಲಿ ಕುರಿಗೂ 277 ಸಲ ಯತ್ನಿಸಿ ಒಂದೇ ಮರಿ ಸಿಕ್ಕಿದ್ದು. ಇಷ್ಟು ಕಮ್ಮಿ ಸಿಗುವುದಕ್ಕೆ ಒಂದು ದೊಡ್ಡ ಕಾರಣ ಮತ್ತೆ ಈ ಗುರುತೇ. ಕ್ಲೋನ್ ಮಾಡುವಾಗ ಮೊಟ್ಟೆಯ ಡಿಎನ್‌ಎ ತೆಗೆದು, ಮೈಯ ಕೋಶವೊಂದರ ಡಿಎನ್‌ಎಯನ್ನು ಅದರೊಳಗೆ ಸೇರಿಸುತ್ತಾರೆ. ಆ ಮೈಯ ಕೋಶದಲ್ಲಿ 9ನೇ ಜಾಗದ 'ಮುಟ್ಟಬೇಡ' ಗಟ್ಟಿಯಾಗಿ ಕೂತಿರುತ್ತೆ. ಮೊಟ್ಟೆಗೆ ಅದನ್ನೆಲ್ಲ ಅಳಿಸಲು ಆಗಲ್ಲ. ಅದನ್ನು ಅಳಿಸುವ ಕಿಣ್ವವನ್ನೂ ಜೊತೆಗೆ ಸೇರಿಸಿದಾಗ 2014ರಲ್ಲಿ ಇಲಿ ಕ್ಲೋನಿಂಗ್ ಎಷ್ಟೋ ಸುಧಾರಿಸಿತು. 2018ರಲ್ಲಿ ಚೀನಾದವರು ಪ್ರಕಟಿಸಿದ ಮಂಗಗಳ ಕ್ಲೋನಿಂಗ್‌ನಲ್ಲೂ ಇದೇ ಉಪಾಯ ಬಳಸಿದ್ದರು. ನಿಮ್ಮ ಹೋರಿಗೆ ಸದ್ಯ ಸೆಮೆನ್ ಶೇಖರಿಸಿಡುವುದೇ ಜಾಣತನ. ತಳಿ ಉಳಿಯಬೇಕಾದರೆ ಬೇರೆ ಬೇರೆ ಹೋರಿ ಬೇಕು. ಒಂದನ್ನೇ ಹತ್ತು ಮಾಡಿ ಏನು ಪ್ರಯೋಜನ?

ಮತ್ತೆ ಮೊದಲಿನವರು:
ಡಾಕ್ಟ್ರೇ, ಇವತ್ತು ಬೆದೆಗೆ ಬಂದಿದೆ. ಲೋಳೆ ಮಬ್ಬಾಗಿದೆ, ಅಲ್ಲಲ್ಲಿ ಬಿಳಿ ಚೂರು. ಡಬ್ಬದ ಮೇಲೆ ಲೇಪನದ ಮಾತೇ ಇಲ್ಲ.

ಉತ್ತರ:
ಹಾಗಾದರೆ ಗರ್ಭಕೋಶದಲ್ಲಿ ಸೋಂಕು ಇರಬಹುದು. ಈ ಬೆದೆಗೆ ಸೆಮೆನ್ ಬೇಡ. ನಿಮ್ಮೂರ ಪಶುವೈದ್ಯರನ್ನು ಕರೆಸಿ ಗರ್ಭಕೋಶ ಪರೀಕ್ಷೆ ಮಾಡಿಸಿ, ಮುಂದಿನ ಬೆದೆಗೆ ನೋಡೋಣ. ಡಬ್ಬ ವಾಪಸ್ ತಗೋತಾರಾ ಅಂತ ಇವತ್ತೇ ಫೋನ್ ಮಾಡಿ ಕೇಳಿ.