ವೈರಸ್ ಮೈಮೇಲಿನ ಸಕ್ಕರೆ: ನಿಮ್ಮ ಪ್ರಶ್ನೆ, ಬೆಳಗಾವಿಯ ಮೈಕ್ರೋಬಯಾಲಜಿ ಮೇಡಂ ಉತ್ತರ

ಪ್ರಶ್ನೆ, ಮುಧೋಳದಿಂದ: ನಮಸ್ಕಾರ ಮೇಡಂ. ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕೊರೊನಾ ವೈರಸ್ಸಿನ ಮುಳ್ಳುಗಳ ಮೇಲೂ ಸಕ್ಕರೆ ಲೇಪ ಇರುತ್ತದೆ ಅಂತ ಓದಿದೆ. ಇದು ನಾವು ಚೀಲಕ್ಕೆ ತುಂಬುವ ಸಕ್ಕರೆನಾ? ನಮ್ಮ ತಂದೆಯವರಿಗೆ ಶುಗರ್ ಇದೆ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಆ ಲೇಪವೂ ದಪ್ಪ ಆಗುತ್ತಾ?

ಉತ್ತರ: ತಂದೆಯವರ ವಿಷಯ ಮೊದಲು. ಇಲ್ಲ, ದಪ್ಪ ಆಗುವುದಿಲ್ಲ. ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ ಸೋಂಕು ಜೋರಾಗುವುದು ನಿಜ. ಆದರೆ ಅದಕ್ಕೆ ಮುಖ್ಯ ಕಾರಣ ಬಿಳಿ ರಕ್ತಕಣಗಳ ಕೆಲಸ ಕುಂಟುವುದು. ಗುಳಿಗೆ ತಪ್ಪಿಸಬೇಡಿ ಅಂತ ಹೇಳಿ.

ನಿಮ್ಮ ಚೀಲದಲ್ಲಿರುವುದು ಸುಕ್ರೋಸ್. ವೈರಸ್ ಮೇಲಿರುವುದು ಮ್ಯಾನೋಸ್, ಗ್ಯಾಲಕ್ಟೋಸ್, ಫ್ಯೂಕೋಸ್ ಮುಂತಾದವು ಸೇರಿದ ಕವಲು ಸರಪಳಿಗಳು. ಮಜಾ ಏನೆಂದರೆ, ಇವನ್ನು ಮಾಡಿಕೊಳ್ಳುವ ಸಾಮಾನು ವೈರಸ್ ಹತ್ತಿರ ಇಲ್ಲವೇ ಇಲ್ಲ. ಮಾಡಿಕೊಡುವುದು ನಮ್ಮದೇ ಜೀವಕೋಶ. ಪ್ರೋಟೀನ್ ತಯಾರಾಗುವಾಗ ಒಂದು ಕಿಣ್ವ ಅದರ ಅಮೈನೋ ಆಮ್ಲಗಳ ಸಾಲನ್ನು ನೋಡುತ್ತಾ ಇರುತ್ತದೆ. ಆಸ್ಪರಜಿನ್ ಎಂಬ ಅಮೈನೋ ಆಮ್ಲ ಬಂತು, ಮುಂದೆ ಒಂದನ್ನು ಬಿಟ್ಟು ಸೆರೀನ್ ಅಥವಾ ಥ್ರಿಯೋನಿನ್ ಬಂತು, ನಡುವಿನದು ಪ್ರೋಲಿನ್ ಅಲ್ಲ ಅಂದರೆ ಸಾಮಾನ್ಯವಾಗಿ 14 ಸಕ್ಕರೆಗಳ ಒಂದು ಗೊಂಚಲನ್ನು ಇಡಿಯಾಗಿ ಆ ಆಸ್ಪರಜಿನ್ ಮೇಲೆ ಕೂರಿಸುತ್ತದೆ. ಆಮೇಲೆ ಬೇರೆ ಕಿಣ್ವಗಳು ಕೆಲವು ಸಕ್ಕರೆ ಕತ್ತರಿಸಿ, ಕೆಲವು ಹೊಸದಾಗಿ ಸೇರಿಸುತ್ತವೆ. ಕೊರೊನಾ ಮುಳ್ಳಿನಲ್ಲಿ ಒಂದೇ ತರಹದ ಮೂರು ಪ್ರೋಟೀನುಗಳು ಒಟ್ಟಿಗೆ ಇರುತ್ತವೆ. ಒಂದೊಂದರಲ್ಲಿ ಇಂಥ 22 ಜಾಗ, ಒಟ್ಟು 66.

ನಮ್ಮದೇ ಕೋಶ ಹಚ್ಚಿದ ಸಕ್ಕರೆ ಆದ್ದರಿಂದ ರೋಗನಿರೋಧಕ ವ್ಯವಸ್ಥೆಗೆ ಅದು ಮನೆಯವರ ಹಾಗೆಯೇ ಕಾಣುತ್ತದೆ. ರವದಿ ಸುಲಿಯದ ಕಬ್ಬಿನಲ್ಲಿ ಕಣ್ಣು ಎಲ್ಲಿದೆ ಅಂತ ಹೊರಗಿನಿಂದ ಗೊತ್ತಾಗಲ್ಲ, ಅಲ್ವಾ? ವೈರಸ್ಸನ್ನು ಹಿಡಿಯಲು ನಮ್ಮ ಮೈ ಮಾಡುವ ಪ್ರೋಟೀನ್, ಅಂದರೆ ಆಂಟಿಬಾಡಿಗೂ ಅದೇ ಪಾಡು. ಇಷ್ಟೇ ಅಲ್ಲ, ಕೊರೊನಾದಲ್ಲಿ 165 ಮತ್ತು 234ನೇ ಜಾಗದ (ಅಮೈನೋ ಆಮ್ಲಗಳ ಸಾಲನ್ನು ಎಣಿಸಿ ಕೊಡುವ ನಂಬರ್) ಸಕ್ಕರೆಗಳು ಮುಳ್ಳಿನ ತುದಿಯನ್ನು ಮೇಲೆತ್ತಿ ಹಿಡಿಯಲಿಕ್ಕೂ ನೆರವಾಗುತ್ತವೆ ಅಂತ 2020ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದರು. ಆ ತುದಿ ಎದ್ದರೇನೇ ವೈರಸ್ ನಮ್ಮ ಕೋಶಕ್ಕೆ ಅಂಟಿಕೊಳ್ಳುವುದು.

ಪ್ರಶ್ನೆ, ಜಮಖಂಡಿಯಿಂದ: ಹಾಗಾದರೆ ಲಸಿಕೆಯಲ್ಲೂ ಈ ಸಕ್ಕರೆ ಇರುತ್ತಾ ಮೇಡಂ? 2022ರಲ್ಲಿ ನಮ್ಮ ಶಾಲೆಯ ಮಕ್ಕಳಿಗೆ ಕಾರ್ಬೆವ್ಯಾಕ್ಸ್ ಹಾಕಿದ್ದರು. ಅದನ್ನು ಯೀಸ್ಟಿನಲ್ಲಿ ಮಾಡುತ್ತಾರಂತೆ.

ಉತ್ತರ: ಒಳ್ಳೆ ಪ್ರಶ್ನೆ ಸರ್. ಲಸಿಕೆಯ ಪ್ರೋಟೀನನ್ನು ಯಾವ ಕೋಶ ಮಾಡುತ್ತದೋ ಅದು ತನ್ನ ರೂಢಿಯ ಸಕ್ಕರೆಯನ್ನೇ ಹಚ್ಚುತ್ತದೆ. ಕೋವಿಶೀಲ್ಡ್‌ನಲ್ಲಿ ಮುಳ್ಳನ್ನು ಮಾಡುವುದು ನಮ್ಮ ಮೈಯ ಕೋಶವೇ, ಹಾಗಾಗಿ ಸಕ್ಕರೆಯೂ ನಮ್ಮದೇ. ಕೋವ್ಯಾಕ್ಸಿನ್‌ಗೆ ವೈರಸ್ ಬೆಳೆಸುವುದು ಮಂಗನ ಮೂತ್ರಪಿಂಡದಿಂದ ಬಂದ ಕೋಶಗಳಲ್ಲಿ. ಕೋವೊವ್ಯಾಕ್ಸ್ ಎಂಬ ಲಸಿಕೆಯ ಮುಳ್ಳನ್ನು ಮಾಡುವುದು ಪತಂಗದ ಕೋಶಗಳಲ್ಲಿ, ಅಲ್ಲಿ ಸಕ್ಕರೆ ಸರಪಳಿ ಗಿಡ್ಡ.

ಯೀಸ್ಟಿಗೆ ಮ್ಯಾನೋಸ್ ಮೇಲೆ ಮ್ಯಾನೋಸ್ ಪೇರಿಸುವ ಚಟ. ಅದನ್ನು ಹಾಗೇ ಬಿಟ್ಟರೆ ಆಂಟಿಬಾಡಿ ನೋಡಬೇಕಾದ ಭಾಗವೇ ಮುಚ್ಚಿಹೋಗಬಹುದು. ಅದಕ್ಕೇ ಕಾರ್ಬೆವ್ಯಾಕ್ಸ್‌ಗೆ ಆರಿಸಿದ ಮುಳ್ಳಿನ ತುಣುಕಿನಿಂದ 331ನೇ ಆಸ್ಪರಜಿನ್ ಅನ್ನು ಮೊದಲೇ ತೆಗೆದುಬಿಟ್ಟರು. ಕೂರಲು ಜಾಗವೇ ಇಲ್ಲ, ಸಕ್ಕರೆ ಎಲ್ಲಿ ಕೂರಬೇಕು? ನನ್ನ ಪ್ರಕಾರ ಬಹಳ ಜಾಣತನದ ಕೆಲಸ.

ಉಲ್ಟಾ ಆಗಿದ್ದೂ ಉಂಟು. 2016-17ರ ಹೊತ್ತಿಗೆ ಹೊರಗೆ ಓಡಾಡುತ್ತಿದ್ದ ಎಚ್3ಎನ್2 ಫ್ಲೂ ವೈರಸ್ಸಿನ ಮೇಲೆ ಒಂದು ಹೊಸ ಸಕ್ಕರೆ ಇತ್ತು. ಕೋಳಿಮೊಟ್ಟೆಯಲ್ಲಿ ಬೆಳೆಸಿದ ಲಸಿಕೆ ವೈರಸ್ ಅದನ್ನು ಕಳೆದುಕೊಂಡಿತ್ತು. ಲಸಿಕೆಯಿಂದ ಹುಟ್ಟಿದ ಆಂಟಿಬಾಡಿ ಹೊರಗಿನ ವೈರಸ್ಸನ್ನು ಸರಿಯಾಗಿ ಹಿಡಿಯಲಿಲ್ಲ. ನಮ್ಮ ಬೆಳಗಾವಿಯ ಟಿಳಕವಾಡಿ ವ್ಯಾಕ್ಸಿನ್ ಡಿಪೋದಲ್ಲಿ ಸಿಡುಬಿನ ಲಸಿಕೆ ಮಾಡುತ್ತಿದ್ದ ಕಾಲದಲ್ಲಿ ಇಂಥದ್ದನ್ನೆಲ್ಲ ಯಾರು ಲೆಕ್ಕ ಹಾಕುತ್ತಿದ್ದರು!

ಪ್ರಶ್ನೆ, ವಿಜಯಪುರದಿಂದ: ನರ್ಸಿಂಗ್ ಓದುತ್ತಿದ್ದೇನೆ ಮೇಡಂ. ಎಚ್‌ಐವಿಗೆ ಇನ್ನೂ ಲಸಿಕೆ ಬರದೇ ಇರಲು ಈ ಸಕ್ಕರೆಯೇ ಕಾರಣನಾ?

ಉತ್ತರ: ಅದೊಂದೇ ಅಲ್ಲಮ್ಮ. ವೈರಸ್ ಬೇಗ ಬೇಗ ರೂಪ ಬದಲಿಸುತ್ತದೆ, ನಮ್ಮ ಕೋಶದ ಡಿಎನ್‌ಎ ಒಳಗೇ ಸೇರಿಕೊಂಡು ಕೂರುತ್ತದೆ. ಆದರೆ ಸಕ್ಕರೆಯದ್ದು ದೊಡ್ಡ ಪಾಲು. ಅದರ ಹೊರಗಿನ ಜಿಪಿ120 ಪ್ರೋಟೀನಿನ ತೂಕದಲ್ಲಿ ಸುಮಾರು ಅರ್ಧ ಬರೀ ಸಕ್ಕರೆ.

ಇಲ್ಲೇ ಒಂದು ತಿರುವು ಇದೆ. ಸರಪಳಿಗಳು ಎಷ್ಟು ಒತ್ತೊತ್ತಾಗಿವೆ ಎಂದರೆ, ಕತ್ತರಿಸುವ ಕಿಣ್ವಗಳಿಗೆ ಒಳಗೆ ಕೈ ಹಾಕಲು ಆಗುವುದಿಲ್ಲ. ಮ್ಯಾನೋಸ್ ಹಾಗೇ ಉಳಿದುಬಿಡುತ್ತದೆ. ನಮ್ಮ ಸ್ವಂತ ಪ್ರೋಟೀನುಗಳಲ್ಲಿ ಮ್ಯಾನೋಸ್ ಇಷ್ಟು ದಟ್ಟವಾಗಿ ಒಂದೇ ಕಡೆ ಇರುವುದಿಲ್ಲ. ಮುಚ್ಚಿಕೊಳ್ಳಲು ಹೋಗಿ ವೈರಸ್ ತಾನೇ ಗುರುತು ಕೊಟ್ಟ ಹಾಗಾಯಿತು. 2ಜಿ12 ಎಂಬ ಆಂಟಿಬಾಡಿ, ಒಬ್ಬ ಸೋಂಕಿತರಲ್ಲಿ ಸಿಕ್ಕಿದ್ದು, ನೇರ ಆ ಸಕ್ಕರೆಯನ್ನೇ ಹಿಡಿಯುತ್ತದೆ.

ಲಸಿಕೆ ಮಾಡುವವರಿಗೆ ಇನ್ನೊಂದು ತಲೆನೋವು, ಸಕ್ಕರೆ ಲೇಪದಲ್ಲಿನ ತೂತುಗಳು. ಎಚ್‌ಐವಿಯ ಬಿಜಿ505 ಎಂಬ ತಳಿಯಿಂದ ಮಾಡಿದ ಮುಳ್ಳಿನಲ್ಲಿ 241 ಮತ್ತು 289ನೇ ಜಾಗದ ಸಕ್ಕರೆ ಇಲ್ಲ. ಮೊಲಗಳಿಗೆ ಚುಚ್ಚಿದರೆ ಆಂಟಿಬಾಡಿಗಳು ಹೆಚ್ಚಾಗಿ ಆ ತೂತಿಗೇ ಮುತ್ತಿಕೊಂಡವು. ಉಳಿದ ಬಹುತೇಕ ತಳಿಗಳಲ್ಲಿ ಅಲ್ಲಿ ಸಕ್ಕರೆ ಇರುತ್ತದೆ, ಹಾಗಾಗಿ ಶ್ರಮ ಸುಮ್ನೆ ವ್ಯರ್ಥ. ಈಗ ಬೇಡದ ತೂತಿಗೆ ಸಕ್ಕರೆ ಕೂರಿಸುತ್ತಾರೆ, ಬೇಕಾದ ಜಾಗದ ಸುತ್ತ ತೆಗೆಯುತ್ತಾರೆ. ಇಒಡಿ-ಜಿಟಿ8 ಎಂಬ ಪ್ರಯೋಗದ ಲಸಿಕೆಯಲ್ಲಿ 276ನೇ ಸಕ್ಕರೆ ತೆಗೆದಿದ್ದರು. 2022ರಲ್ಲಿ ಬಂದ ಫಲಿತಾಂಶದ ಪ್ರಕಾರ ಲಸಿಕೆ ಪಡೆದ 36 ಜನರಲ್ಲಿ 35 ಜನರಿಗೆ ಬೇಕಾದ ಜಾತಿಯ ಬಿ ಕೋಶಗಳು, ಅಂದರೆ ಆಂಟಿಬಾಡಿ ಮಾಡುವ ಕೋಶಗಳು, ಎಚ್ಚೆತ್ತಿದ್ದವು. ಅದು ಮೊದಲ ಮೆಟ್ಟಿಲು ಅಷ್ಟೇ. ಆ ಕೋಶಗಳು ಸಕ್ಕರೆ ಇರುವ ನಿಜವಾದ ವೈರಸ್ಸನ್ನೂ ಹಿಡಿಯುವಂತೆ ಮುಂದಿನ ಡೋಸ್‌ಗಳಲ್ಲಿ ಪಳಗಿಸಬೇಕು.

ಪ್ರಶ್ನೆ, ಗೋಕಾಕದಿಂದ: ಅಕ್ಕಾ, ಮಗಳಿಗೆ ಅಂಗನವಾಡಿಯಲ್ಲಿ ಪಿಸಿವಿ ಹಾಕಿಸಿದೆವು. ಅದೂ ಸಕ್ಕರೆಯ ಲಸಿಕೆ ಅಂತಾರೆ. ಸಕ್ಕರೆ ಕಂಡರೆ ಮೈ ಸುಮ್ಮನಿರುತ್ತದೆ ಅಂದಿರಲ್ಲ, ಮತ್ತೆ ಅದು ಹೇಗೆ ಕೆಲಸ ಮಾಡುತ್ತೆ?

ಉತ್ತರ: ಸರಿಯಾಗಿ ಹಿಡಿದಿರಿ! ಪಿಸಿವಿ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ವಿರುದ್ಧದ್ದು, ವೈರಸ್ಸಿನದ್ದಲ್ಲ. ಬ್ಯಾಕ್ಟೀರಿಯಾ ತನ್ನ ಸಕ್ಕರೆ ಕವಚವನ್ನು ತಾನೇ ಮಾಡಿಕೊಳ್ಳುತ್ತದೆ, ಆದ್ದರಿಂದ ನಮ್ಮ ಮೈಗೆ ಅದು ಹೊರಗಿನದು. ಆದರೆ ಎರಡು ವರ್ಷದೊಳಗಿನ ಮಕ್ಕಳ ಮೈ ಬರೀ ಸಕ್ಕರೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಅದಕ್ಕೇ ಒಂದು ಪ್ರೋಟೀನಿಗೆ ಅಂಟಿಸಿ ಕೊಡುತ್ತಾರೆ. ಆಗ ಬಿ ಕೋಶಗಳಿಗೆ ಟಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ನೆರವು ಸಿಕ್ಕಿ ಮೈಗೆ ಆ ರೋಗಾಣುವಿನ ನೆನಪು ಗಟ್ಟಿಯಾಗುತ್ತದೆ. ಐದು ರೋಗಗಳಿಗೆ ಒಂದೇ ಚುಚ್ಚುಮದ್ದಾದ ಪೆಂಟಾವೇಲೆಂಟ್‌ನಲ್ಲಿರುವ ಹಿಬ್ ಎಂಬ ಬ್ಯಾಕ್ಟೀರಿಯಾ ವಿರುದ್ಧದ ಲಸಿಕೆ ಕೂಡ ಇದೇ ತರಹದ್ದು.

ಪಿಸಿವಿ 6 ವಾರ, 14 ವಾರ, 9 ತಿಂಗಳು, ಹೀಗೆ ಮೂರು ಸಲ. ತಾಯಿ ಕಾರ್ಡ್ ತೆಗೆದು ನೋಡಿ, 9 ತಿಂಗಳದ್ದು ಬಾಕಿ ಇದ್ದರೆ ಆಶಾ ಅಕ್ಕನಿಗೆ ಹೇಳಿ.