ಗುಂಡುತೋಪಿನಲ್ಲಿ ಗೂಟ ಹೊಡೆದಿದ್ದಾರೆ, ದಯವಿಟ್ಟು ಎಲ್ಲರೂ ಓದಿ

2ನೇ ಅಡ್ಡರಸ್ತೆ, ನಿವೃತ್ತ ಶಿಕ್ಷಕಿ:
ಎಲ್ಲರಿಗೂ ನಮಸ್ಕಾರ. ಬೆಳಗ್ಗೆ ವಾಕಿಂಗ್ ಹೋದಾಗ ನೋಡಿದೆ. ನಮ್ಮ ಬಡಾವಣೆ ಪಕ್ಕದ ಊರಿನ ಗುಂಡುತೋಪಿನ (ಊರಿಗೆಲ್ಲ ಸೇರಿದ ಮರಗಳ ತೋಪು) ನಾಲ್ಕೂ ಮೂಲೆಗೆ ಗೂಟ ಹೊಡೆದು ಸುಣ್ಣದ ಗೆರೆ ಎಳೆದಿದ್ದಾರೆ. ಮರಗಳ ಬೊಡ್ಡೆಗೆ ಕೆಂಪು ಬಣ್ಣದಲ್ಲಿ ನಂಬರ್ ಹಾಕಿದ್ದಾರೆ. ಎಣಿಸಿದೆ, ಹುಣಸೆ, ಹೊಂಗೆ, ನೇರಳೆ ಎಲ್ಲಾ ಸೇರಿ 43. ಕೆಲಸದವರನ್ನು ಕೇಳಿದರೆ ಅಂಗಡಿ ಮಳಿಗೆ ಬರುತ್ತದಂತೆ, ಮುಂದಿನ ವಾರ ಜೆಸಿಬಿಯಂತೆ. ಯಾರು ಕಟ್ಟಿಸುತ್ತಿರುವುದು ಅಂದರೆ ಉತ್ತರವಿಲ್ಲ. ನನ್ನ ಮಗಳು ಸೈಕಲ್ ಕಲಿತದ್ದು ಆ ನೆರಳಿನಲ್ಲಿ. ಮನೆಗೆ ಬಂದು ಕೂತರೂ ಸಮಾಧಾನವಿಲ್ಲ.

4ನೇ ಅಡ್ಡರಸ್ತೆ, ಮೂಲೆ ಮನೆ:
ಮೇಡಂ, ಭಾನುವಾರವೇ ಪ್ರತಿಭಟನೆ ಮಾಡೋಣ. ಟಿವಿಯವರನ್ನು ಕರೆಸುತ್ತೇನೆ. ಬ್ಯಾನರ್ ಖರ್ಚು ನನ್ನದು.

1ನೇ ಮುಖ್ಯರಸ್ತೆ, ಸರ್ವೆ ಇಲಾಖೆಯಲ್ಲಿದ್ದವರು:
ಸ್ವಲ್ಪ ತಾಳಿ. ಮೊದಲು ಕಾಗದ ಹಿಡಿಯೋಣ. ತೋಪಿನ ಮಧ್ಯೆ ನಿಂತು ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ತೆಗೆಯಿರಿ, ಸರ್ವೆ ನಂಬರ್ ಬರುತ್ತದೆ. ಆ ನಂಬರಿನ ಪಹಣಿ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಖರಾಬು ತೋರಿಸುವ ದಾಖಲೆ), ಗ್ರಾಮ ನಕ್ಷೆ ಮೂರೂ ಬೇಕು. ಪಹಣಿಯಲ್ಲಿ ಸರ್ಕಾರಿ ಗುಂಡುತೋಪು ಎಂದೋ, ಆಕಾರ್‌ಬಂದ್‌ನಲ್ಲಿ ಬಿ ಖರಾಬು ಎಂದೋ ಇದ್ದರೆ ನಮ್ಮ ಮಾತಿಗೆ ಬಲ ಬರುತ್ತದೆ. ಎ ಖರಾಬು ಅಂದರೆ ಬೇಸಾಯಕ್ಕೆ ಬಾರದ ಜಾಗ. ಬಿ ಖರಾಬು ಅಂದರೆ ದಾರಿ, ಕೆರೆ, ಸ್ಮಶಾನದ ಹಾಗೆ ಸಾರ್ವಜನಿಕರಿಗೆ ಬಿಟ್ಟದ್ದು. ಎರಡನ್ನೂ ಬೆರೆಸಿ ಮಾತಾಡುವವರು ಬಹಳ ಇದ್ದಾರೆ, ಹುಷಾರು.

3ನೇ ಅಡ್ಡರಸ್ತೆ:
ಒಂದು ಪ್ರಶ್ನೆ. ಆಸ್ಪತ್ರೆಯಂಥದ್ದು ಬಂದರೆ ನಮಗೂ ಒಳ್ಳೆಯದೇ ಅಲ್ವಾ? ಸುಮ್ನೆ ವಿರೋಧ ಮಾಡಿದ ಹಾಗೆ ಆಗಬಾರದು.

5ನೇ ಅಡ್ಡರಸ್ತೆ, ವಕೀಲರು:
ಇದೇ ಪ್ರಶ್ನೆ ಬೆಂಗಳೂರಿನ ಸದಾಶಿವನಗರದಲ್ಲಿ ಬಂದಿತ್ತು. ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳೇ ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ತೀರ್ಪು ಕೊಟ್ಟಿತು. ಆಸ್ಪತ್ರೆ ಒಳ್ಳೆಯದೇ, ಆದರೆ ಪಾರ್ಕಿನ ಜಾಗದಲ್ಲಿ ಅಲ್ಲ. ನಮ್ಮದು ಊರಿನ ತೋಪು, ಬಡಾವಣೆಯ ಪಾರ್ಕಲ್ಲ. ಅದಕ್ಕೆ ಇನ್ನೂ ಹತ್ತಿರದ್ದು 2011ರ ಜಗಪಾಲ್ ಸಿಂಗ್ ತೀರ್ಪು. ಪಂಜಾಬಿನ ಒಂದು ಹಳ್ಳಿಯ ಕೆರೆ ಜಾಗದ ಒತ್ತುವರಿ ಪ್ರಕರಣ ಅದು. ಊರ ಸಾಮೂಹಿಕ ಜಾಗಗಳ ಒತ್ತುವರಿ ತೆರವಿಗೆ ಯೋಜನೆ ಮಾಡಿ ಎಂದು ಎಲ್ಲಾ ರಾಜ್ಯಗಳಿಗೂ ಕೋರ್ಟ್ ಹೇಳಿತು.

ಡೈರಿ ಪಕ್ಕದ ಮನೆ, ಊರಿನವರು:
ನಾನು ಈ ಗುಂಪಿನಲ್ಲಿ ಮಾತಾಡುವುದು ಕಡಿಮೆ. ಆ ತೋಪಿನ ಹುಣಸೆ ಫಸಲನ್ನು ಪಂಚಾಯ್ತಿಯವರು ವರ್ಷವರ್ಷ ಹರಾಜು ಹಾಕುತ್ತಿದ್ದರು. ನಮ್ಮಪ್ಪ ಎಷ್ಟೋ ಸಲ ಕೂಗಿ ಹಿಡಿದಿದ್ದಾರೆ. ರಸೀದಿಗಳು ಟ್ರಂಕಿನಲ್ಲಿ ಇರಬೇಕು, ಹುಡುಕುತ್ತೇನೆ.
ಬೇಜಾರು ಮಾಡ್ಕೋಬೇಡಿ, ಒಂದು ಮಾತು ಹೇಳಲೇಬೇಕು. ಊರ ಹಬ್ಬಕ್ಕೆ ಅಲ್ಲಿ ಒಲೆ ಹೂಡಿದರೆ ಹೊಗೆ ಅಂತ ನಿಮ್ಮವರೇ ದೂರು ಕೊಟ್ಟಿದ್ದರು. ತೋಪಿನ ಹಿಂದೆ ಬಿದ್ದಿರುವ ಕಸ ಹೆಚ್ಚಿನದು ಬಡಾವಣೆಯದು. ಪಾಳು ಬಿದ್ದ ಜಾಗ ಅಂತ ತೋರಿಸುವುದಕ್ಕೆ ಮಳಿಗೆ ಕಟ್ಟುವವರಿಗೆ ಅದೇ ಸಾಕಾಗಿದೆ.

2ನೇ ಅಡ್ಡರಸ್ತೆ, ನಿವೃತ್ತ ಶಿಕ್ಷಕಿ:
ಅಣ್ಣಾ, ನೀವು ಹೇಳಿದ್ದು ನಿಜ. ನಾನೂ ದಿನಾ ಆ ಕಸ ದಾಟಿಕೊಂಡೇ ಹೋಗಿದ್ದೇನೆ. ಕ್ಷಮಿಸಿ. ಬ್ಯಾನರ್ ಆಮೇಲೆ. ಭಾನುವಾರ 7 ಗಂಟೆಗೆ ಎಲ್ಲರೂ ಬಂದು ಮೊದಲು ಆ ಕಸ ಎತ್ತೋಣ.
ಇನ್ನೊಂದು ವಿಷಯ. ಇದನ್ನು ಗ್ರಾಮಸಭೆಯಲ್ಲೂ ಎತ್ತಬೇಕು. ಗ್ರಾಮಸಭೆ ಅಂದರೆ ಪಂಚಾಯ್ತಿ ಮತದಾರರ ಪಟ್ಟಿಯಲ್ಲಿ ಇರುವವರ ಸಭೆ. ನಮ್ಮಲ್ಲಿ ಅರ್ಧ ಜನರ ವೋಟು ಇನ್ನೂ ಬೆಂಗಳೂರಿನಲ್ಲೇ ಇದೆ. ಹಾಗಾಗಿ ಅಲ್ಲಿ ಮಾತಾಡಬೇಕಾದವರು ಊರಿನವರು. ನಾವು ಕಾಗದ ಹೊಂದಿಸಿ ಕೊಟ್ಟು ಅವರ ಹಿಂದೆ ನಿಲ್ಲೋಣ. ಗೆದ್ದ ಮೇಲೆ ತಂತಿ ಬೇಲಿ, ಗೇಟು ಅಂತ ನಮ್ಮಲ್ಲಿ ಯಾರೂ ಕೇಳಬಾರದು. ದನ ಕುರಿ ಎಂದಿನಂತೆ ಬರಲಿ, ಒಲೆಯೂ ಉರಿಯಲಿ.

3ನೇ ಅಡ್ಡರಸ್ತೆ:
ಒಪ್ಪಿದೆ. ಹೊಗೆಯ ದೂರು ಕೊಟ್ಟವರಲ್ಲಿ ನಾನೂ ಒಬ್ಬ. ಭಾನುವಾರ ಬರುತ್ತೇನೆ.

5ನೇ ಅಡ್ಡರಸ್ತೆ, ವಕೀಲರು:
ಮಾಹಿತಿ ಹಕ್ಕಿನ ಅರ್ಜಿ ನಾನು ಹಾಕುತ್ತೇನೆ. ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದದೊಳಗೆ. ಆದರೆ ಉತ್ತರಕ್ಕೆ 30 ದಿನ ಸಮಯವಿದೆ, ಜೆಸಿಬಿ ಅಲ್ಲಿಯವರೆಗೆ ಕಾಯುವುದಿಲ್ಲ. ಅದಕ್ಕೇ ನಾಳೆಯೇ ತಹಶೀಲ್ದಾರರಿಗೆ ದೂರು ಕೊಡೋಣ. ಒಂದು ಪ್ರತಿ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ), ಇನ್ನೊಂದು ವಲಯ ಅರಣ್ಯಾಧಿಕಾರಿಗೆ. ಮರ ಕಡಿಯಲು ಅನುಮತಿ ಕೊಟ್ಟಿದ್ದೀರಾ ಎಂದು 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಹೆಸರಿಸಿ ಕೇಳಿ. ಸ್ವೀಕೃತಿ ಸೀಲು ಇಲ್ಲದೆ ವಾಪಸ್ ಬರಬೇಡಿ.

4ನೇ ಅಡ್ಡರಸ್ತೆ, ಮೂಲೆ ಮನೆ:
ಬ್ಯಾನರ್ ದುಡ್ಡಿನಲ್ಲಿ ಟ್ರ್ಯಾಕ್ಟರ್ ಹೇಳಿದ್ದೇನೆ, ಕಸ ಸಾಗಿಸಲು. ತಾಲ್ಲೂಕು ಕಚೇರಿಗೆ ನನ್ನ ಕಾರಿನಲ್ಲಿ ಐದು ಜನ ಹೋಗಬಹುದು. 10 ಗಂಟೆಗೆ ಡೈರಿ ಹತ್ತಿರ ಇರುತ್ತೇನೆ.

ಡೈರಿ ಪಕ್ಕದ ಮನೆ, ಊರಿನವರು:
ರಸೀದಿ ಸಿಕ್ಕಿತು. 1987ರದ್ದು ಒಂದು, 1992ರದ್ದು ಒಂದು. ಎರಡರಲ್ಲೂ ಗುಂಡುತೋಪು ಹುಣಸೆ ಫಸಲು ಎಂದು ಬರೆದಿದೆ, ಪಂಚಾಯ್ತಿ ಮೊಹರು ಚೆನ್ನಾಗಿ ಕಾಣುತ್ತದೆ. ಬೆಳಗ್ಗೆ ಜೆರಾಕ್ಸ್ ಮಾಡಿಸಿ ತರುತ್ತೇನೆ. ನಮ್ಮ ಊರಿನ ಹನ್ನೆರಡು ಜನ ಬರುತ್ತಾರೆ. ಭಾನುವಾರಕ್ಕೆ ಮಂಕರಿ, ಸಲಿಕೆ ನಮ್ಮಲ್ಲಿವೆ, ನೀವು ಕೈಗವಸು ತನ್ನಿ. ಗಾಜಿನ ಚೂರು ಜಾಸ್ತಿ ಇದೆ.