ಟೀ ಶರ್ಟ್ ಮೇಲೆ ಬ್ಯಾಟಲ್‌ಶಿಪ್ ಟೆಕ್ಸಸ್: ಅಂಗಡಿಯವರು ಕೊಟ್ಟ ಡಿಸೈನ್ ಸರಿ ಇದೆಯಾ?

ಹ್ಯೂಸ್ಟನ್_ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಇಲ್ಲಿನ ನಾಲ್ಕೈದು ಕನ್ನಡದ ಮನೆಯವರು ಸೇರಿ ಬ್ಯಾಟಲ್‌ಶಿಪ್ ಟೆಕ್ಸಸ್ ಅನ್ನುವ ಅಮೆರಿಕದ ಹಳೆಯ ಯುದ್ಧನೌಕೆಯ ಚಿತ್ರ ಇರುವ ಟೀ ಶರ್ಟ್ ಮಾಡಿಸುತ್ತಿದ್ದೇವೆ. ಮಕ್ಕಳಿಗೆ ಆ ಹಡಗು ಅಂದರೆ ಪ್ರಾಣ. ಬಟ್ಟೆ ಕಡುನೀಲಿ, ಸ್ಕ್ರೀನ್ ಪ್ರಿಂಟ್. ಆದರೆ ಅಂಗಡಿಯವರು ಕಳಿಸಿದ ಡಿಸೈನ್‌ನಲ್ಲಿ ಒಂದೊಂದು ಗೋಪುರಕ್ಕೂ (ಫಿರಂಗಿ ಕೂರಿಸಿದ, ತಿರುಗುವ ಗೂಡು) ಮೂರು ಮೂರು ಫಿರಂಗಿ ಇವೆ, ನನಗೇನೋ ಇದು ಟೆಕ್ಸಸ್ ಅಲ್ಲ ಅನ್ನಿಸುತ್ತಿದೆ. ನಾಲ್ಕು ಬಣ್ಣ ಬೇಕು ಅಂತಲೂ ಹೇಳುತ್ತಿದ್ದಾರೆ. ಒಂದೇ ಬಣ್ಣ ಸಾಕಾಗಲ್ವಾ?

ಹಡಗು_ಹುಚ್ಚು:
ನಿಮ್ಮ ಅನುಮಾನ ಸರಿ. ಮೂರು ಗೋಪುರ, ಒಂದೊಂದರಲ್ಲಿ ಮೂರು ಫಿರಂಗಿ ಅಂದರೆ ಅದು ಮಿಸೌರಿ ಅನ್ನುವ ಯುದ್ಧನೌಕೆಯ ಥರದ, ಅಯೋವಾ ವರ್ಗದ ಹಡಗು. ಟೆಕ್ಸಸ್‌ನಲ್ಲಿ ಐದು ಗೋಪುರ, ಒಂದೊಂದರಲ್ಲಿ ಎರಡೇ, ಒಟ್ಟು 14 ಇಂಚಿನ ಹತ್ತು ಫಿರಂಗಿ. ಮುಂದೆ ಎರಡು ಗೋಪುರ, ನಡುವೆ ಒಂದು, ಹಿಂದೆ ಎರಡು. ಇದನ್ನು ಬಿಟ್ಟುಕೊಡಬೇಡಿ.

ಇನ್ನೊಂದು, ಯಾವ ಕಾಲದ ಟೆಕ್ಸಸ್ ಅಂತ ಮೊದಲೇ ತೀರ್ಮಾನಿಸಿ. 1914ರಲ್ಲಿ ಸೇವೆಗೆ ಸೇರಿದಾಗ ಅದಕ್ಕೆ ಬುಟ್ಟಿ ಹೆಣೆದ ಹಾಗಿನ ಜಾಲರಿ ಕಂಬಗಳು, ಎರಡು ಹೊಗೆಕೊಳವೆ ಇದ್ದವು. 1925ರಿಂದ 27ರವರೆಗಿನ ದುರಸ್ತಿಯಲ್ಲಿ ಕಲ್ಲಿದ್ದಲು ಬಿಟ್ಟು ಎಣ್ಣೆಗೆ ಬದಲಾಯಿಸಿದರು, ಜಾಲರಿ ಹೋಗಿ ಮೂರು ಕಾಲಿನ ಕಂಬ ಬಂತು, ಹೊಗೆಕೊಳವೆ ಒಂದೇ ಆಯಿತು. ಜಾಲರಿ ಕಂಬದ ಚಿತ್ರ ಹಾಕಿ ಕೆಳಗೆ 1944 ಅಂತ ಬರೆದರೆ ತಿಳಿದವರಿಗೆ ನಿಜಕ್ಕೂ ನೋವಾಗುತ್ತದೆ.

ನನ್ನನ್ನು ಕೇಳಿದರೆ 1944ರದ್ದೇ ಹಾಕಿಸಿ. ಎರಡನೇ ಮಹಾಯುದ್ಧದಲ್ಲಿ, ಆ ವರ್ಷ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಜರ್ಮನ್ನರ ನೆಲೆಯಿದ್ದ ಪಾಯಿಂಟ್ ದು ಹಾಕ್ ಬಂಡೆಯ ಮೇಲೆ ಗುಂಡು ಹಾರಿಸಿದ್ದು ಇದೇ ಹಡಗು. ಸೈನ್ಯ ಒಳನಾಡಿಗೆ ಮುಂದುವರಿದು ಗುರಿ ದೂರವಾದಾಗ, ಜೂನ್ 15ರಂದು ಒಂದು ಬದಿಗೆ ಬೇಕೆಂದೇ ನೀರು ತುಂಬಿಸಿ ಹಡಗನ್ನೇ ವಾಲಿಸಿದರು, ಫಿರಂಗಿ ಇನ್ನಷ್ಟು ಮೇಲೆದ್ದು ಗುಂಡು ದೂರ ಹೋಗಲಿ ಅಂತ. ಜೂನ್ 25ರಂದು ಅಲ್ಲಿನ ಶೆರ್ಬುರ್ ಬಂದರಿನ ಹತ್ತಿರ ಜರ್ಮನ್ ಗುಂಡು ಬಡಿದು ಚುಕ್ಕಾಣಿ ಹಿಡಿದಿದ್ದ ನಾವಿಕ ಸತ್ತರು. ಆ ಹಡಗಿನ ಇಡೀ ಸೇವೆಯಲ್ಲಿ ಯುದ್ಧದಲ್ಲಿ ಸತ್ತವರು ಅವರೊಬ್ಬರೇ. ದಯವಿಟ್ಟು ತಲೆಬುರುಡೆ, ಬೆಂಕಿ ಅಂತೆಲ್ಲ ಸೇರಿಸಬೇಡಿ.

ಇಂಕು_ಮೆಶ್ಶು (ಬೆಂಗಳೂರು):
ಪ್ರಿಂಟಿಂಗ್ ಕೆಲಸ ನನ್ನದು, ಅದರ ಬಗ್ಗೆ ಹೇಳುತ್ತೇನೆ. ಒಂದೇ ಬಣ್ಣ ಧಾರಾಳ ಸಾಕು. ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನ್ (ಇಂಕು ಹಾಯಿಸುವ ಬಲೆಯ ಚೌಕಟ್ಟು) ಬೇಕು, ಕಡಿಮೆ ಶರ್ಟ್ ಇದ್ದಾಗ ಸುಮ್ನೆ ಖರ್ಚು ಜಾಸ್ತಿ. ತಿಳಿಬೂದು ಇಂಕು ತಗೊಳ್ಳಿ, ಶರ್ಟಿನ ನೀಲಿಯೇ ನೆರಳಾಗಿ ಕೆಲಸ ಮಾಡುತ್ತದೆ. ಕಪ್ಪು-ಬಿಳುಪು ಫೋಟೋವನ್ನೇ ಚುಕ್ಕಿ ಮಾಡಿ ಹಾಕಿದರೆ ಹಗ್ಗ, ಆಂಟೆನಾ ತಂತಿ ಎಲ್ಲ ಕಲಸಿಹೋಗುತ್ತವೆ. ಗೆರೆಚಿತ್ರ ಮಾಡಿಸಿ, ಒಂದು ಪಾಯಿಂಟ್‌ಗಿಂತ (ಸುಮಾರು 0.35 ಮಿ.ಮೀ.) ತೆಳು ಗೆರೆ ಬೇಡ.

ಗಾಢ ಬಟ್ಟೆ ಮೇಲೆ ಪ್ಲಾಸ್ಟಿಸಾಲ್ (ಬಿಸಿಯಾದರೆ ಗಟ್ಟಿಯಾಗುವ ಪ್ಲಾಸ್ಟಿಕ್ ಥರದ) ಇಂಕು ಒಂದು ಕೋಟ್‌ಗೆ ನಿಲ್ಲಲ್ಲ. ಒಮ್ಮೆ ಹಾಕಿ, ಬಿಸಿ ಕೊಟ್ಟು ಸ್ವಲ್ಪ ಗಟ್ಟಿ ಮಾಡಿ, ಮತ್ತೊಮ್ಮೆ ಹಾಕಬೇಕು. ಕೊನೆಗೆ ಇಂಕು ಪೂರ್ತಿ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾಗಬೇಕು. ಒಂದು ಸ್ಯಾಂಪಲ್ ಕೇಳಿ, ಪ್ರಿಂಟ್ ಇರುವ ಜಾಗ ಹಿಡಿದು ಎಳೆದು ನೋಡಿ. ಬಿರುಕು ಬಿಟ್ಟರೆ ಸರಿಯಾಗಿ ಕಾದಿಲ್ಲ ಅಂತಲೇ ಅರ್ಥ, ಒಗೆದಾಗ ಉದುರುತ್ತದೆ. ಮಕ್ಕಳ ಸೈಜಿಗೆ ಚಿಕ್ಕ ಸ್ಕ್ರೀನ್ ಬೇರೆಯೇ ಮಾಡಿಸಿ. ಉದ್ದನೆಯ ಹಡಗು, ದೊಡ್ಡವರ ಸ್ಕ್ರೀನ್ ಹಾಕಿದರೆ ಮೂತಿ ಕಂಕುಳಿಗೆ ಹೋಗುತ್ತದೆ.

ಹ್ಯೂಸ್ಟನ್_ಕನ್ನಡಿಗ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. 1944ರದ್ದೇ ಪಕ್ಕಾ. ಹಳೆ ಫೋಟೋ ನೋಡಿ ಗೆರೆಚಿತ್ರ ಬರೆಸಿದರೆ ಹಕ್ಕಿನ ತೊಂದರೆ ಬರುತ್ತದಾ? ಕೆಳಗೆ ಕನ್ನಡದಲ್ಲಿ ‘ಟೆಕ್ಸಸ್’ ಅಂತ ಹಾಕುವ ಆಸೆ.

ಹಡಗು_ಹುಚ್ಚು:
ಅಮೆರಿಕದ ನೌಕಾಪಡೆಯವರೇ ತೆಗೆದ ಫೋಟೋಗೆ ಅಲ್ಲಿ ಕಾಪಿರೈಟ್ ಇಲ್ಲ, ಧೈರ್ಯವಾಗಿ ಬಳಸಿ. ಹಡಗು ನೋಡಿಕೊಳ್ಳುವ ಫೌಂಡೇಶನ್‌ನ ಲೋಗೋ ಮಾತ್ರ ಮುಟ್ಟಬೇಡಿ. ಅವರ ಅಂಗಡಿಯಿಂದಲೂ ಏನಾದರೂ ಕೊಳ್ಳಿ.

ಇಂಕು_ಮೆಶ್ಶು (ಬೆಂಗಳೂರು):
ಕನ್ನಡ ಹಾಕಿಸಿ, ಚೆನ್ನಾಗಿರುತ್ತದೆ. ಅಕ್ಷರ ಮಾತ್ರ ದೊಡ್ಡದಿರಲಿ. ಚಿಕ್ಕದಾದರೆ ‘ಕ್ಸ’ದ ಒತ್ತಿನೊಳಗೆ ಇಂಕು ತುಂಬಿಕೊಂಡು ಬರೀ ಚುಕ್ಕೆ ಕಾಣುತ್ತದೆ. ಫೈಲ್ ಕಳಿಸುವಾಗ ಅಕ್ಷರವನ್ನು ಔಟ್‌ಲೈನ್ (ಅಂದರೆ ಗೆರೆಚಿತ್ರದ ಆಕಾರ) ಮಾಡಿ ಕಳಿಸಿ, ಅಲ್ಲಿನ ಕಂಪ್ಯೂಟರ್‌ನಲ್ಲಿ ನಿಮ್ಮ ಕನ್ನಡ ಫಾಂಟ್ ಇಲ್ಲದೆ ಹೋದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂರಬಹುದು.